ಉದ್ಧರಣ ಚಿಹ್ನೆಯೊಳಗೆ ಯಾರ ಮಾತು?

ಇಂಗ್ಲಿಷ್ ಬರವಣಿಗೆಯಲ್ಲಿ ಅಲ್ಪವಿರಾಮ ತಪ್ಪಿದರೆ ಅಂಕ ಹೋಗುತ್ತದೆ. ಉದ್ಧರಣ ಚಿಹ್ನೆ ತಪ್ಪಿದರೆ ಹೋಗುವುದು ಬೇರೆಯೇ. ನಮ್ಮ ಐನಾಪುರದ ಕಡೆ ಕನ್ನಡ ಮಾಧ್ಯಮದ ಹುಡುಗರಿಗೆ ಎರಡನ್ನೂ ವ್ಯಾಕರಣದ ಒಂದೇ ಪಾಠದಲ್ಲಿ ಕಲಿಸಿ ಮುಗಿಸುತ್ತಾರೆ. ನನಗೆ ಮಾತ್ರ ಮೊದಲನೆಯದು ಓದುಗನಿಗೆ ತೋರುವ ಸೌಜನ್ಯ, ಎರಡನೆಯದು ನ್ಯಾಯದ ಪ್ರಶ್ನೆ ಎನಿಸುತ್ತದೆ.

ಕನ್ನಡ ಈ ಚಿಹ್ನೆಗಳ ಕೆಲಸವನ್ನು ಬಹುಮಟ್ಟಿಗೆ ಪದದೊಳಗೇ ಮಾಡುತ್ತದೆ. 'ಬಂದನಾ' ಎಂಬಲ್ಲಿ ಪ್ರಶ್ನೆ ಆಗಲೇ ಇದೆ. 'ಅವನೂ ಇವಳೂ' ಎಂದರೆ ಅಲ್ಪವಿರಾಮ ಬೇಕಿಲ್ಲ. ಇನ್ನೊಬ್ಬರ ಮಾತಿಗೆ 'ಅಂತ' ಇದೆ. ಆದರೆ 'ಅಂತ' ಆ ಮಾತು ಎಲ್ಲಿ ಮುಗಿಯಿತೆಂದು ತೋರಿಸುತ್ತದೆಯೇ ಹೊರತು ಅದು ಯಾರ ಬಾಯಿಂದ ಹಾಗೇ ಬಂದದ್ದೆಂದು ಹೇಳುವುದಿಲ್ಲ. 'ಹೊಲ ನಂದ ಅಂತ ಕಾಕಾ ಹೇಳಿದ್ರು' ಎಂಬುದನ್ನೇ ನೋಡಿ. ಹೊಲ ಕಾಕಾನದೋ, ಇದನ್ನು ಹೇಳುತ್ತಿರುವವನದೋ? ಕಟ್ಟೆಯ ಮೇಲೆ ಕೂತವರಿಗೆ ದನಿ ಮತ್ತು ಕೈಸನ್ನೆ ಉತ್ತರ ಕೊಡುತ್ತವೆ. ಕಾಗದಕ್ಕೆ ದನಿಯಿಲ್ಲ, ಕೈಯಿಲ್ಲ. 'ಕಾಕಾ ಸೆಡ್ ದ ಲ್ಯಾಂಡ್ ಈಸ್ ಮೈನ್' ಎಂಬ ಇಂಗ್ಲಿಷ್ ವಾಕ್ಯದ ಕೊನೆಯ ನಾಲ್ಕು ಪದಗಳಿಗೆ ಉದ್ಧರಣ ಚಿಹ್ನೆ ಹಾಕಿದರೆ ಹೊಲ ಕಾಕಾನದು, ತೆಗೆದರೆ ನನ್ನದು.

1916ರಲ್ಲಿ ಲಂಡನ್ನಿನಲ್ಲಿ ರೋಜರ್ ಕೇಸ್‌ಮೆಂಟ್ ಮೇಲೆ ದೇಶದ್ರೋಹದ ವಿಚಾರಣೆ ನಡೆದಾಗ, 1351ರ ಕಾಯ್ದೆಯ ಒಂದು ವಾಕ್ಯವನ್ನು ಎಲ್ಲಿ ನಿಲ್ಲಿಸಿ ಓದಬೇಕೆಂಬುದೇ ದೊಡ್ಡ ವಾದವಾಯಿತು. ಅವನು ಜರ್ಮನಿಯಲ್ಲಿ ಮಾಡಿದ್ದು ದ್ರೋಹವೋ ಅಲ್ಲವೋ ಎಂಬುದು ಆ ಓದಿನ ಮೇಲೆ ನಿಂತಿತ್ತು. ಆಗಸ್ಟಿನಲ್ಲಿ ಗಲ್ಲಾಯಿತು. ಅಲ್ಪವಿರಾಮಕ್ಕೆ ನೇಣು ಬಿದ್ದವನೆಂದು ಈಗಲೂ ಅವನನ್ನು ನೆನೆಯುತ್ತಾರೆ. ಬರೆದವರು ಎದುರಿಗಿಲ್ಲದಾಗ ಚಿಹ್ನೆ ಇಡುವವನೇ ಅರ್ಥ ತೀರ್ಮಾನಿಸುವವನಾಗುತ್ತಾನೆ.

ಸಂಶೋಧನೆ ಮಾಡುವ ನಮ್ಮ ಕೈಯಲ್ಲಿರುವುದೂ ಇದೇ ಅಧಿಕಾರ. ಕೃತಿಚೌರ್ಯದ ಬಗ್ಗೆ ಯುಜಿಸಿಯ 2018ರ ನಿಯಮಗಳಿವೆ: ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ, ಶೇ. 60 ದಾಟಿದರೆ ನೋಂದಣಿಯೇ ರದ್ದು. ಆದರೆ ತಂತ್ರಾಂಶ ಹೋಲಿಸಿ ನೋಡುವುದು ಅಚ್ಚಾದದ್ದನ್ನು, ಜಾಲದಲ್ಲಿರುವುದನ್ನು. ಹೊಲದ ಬದುವಿನಲ್ಲಿ ಕೂತು ಮುದುಕನೊಬ್ಬ ಹೇಳಿದ ಒಳನೋಟವನ್ನು ನಾನು ನನ್ನದೆಂದು ಬರೆದುಕೊಂಡರೆ ಹೋಲಿಕೆ ಸೊನ್ನೆ.

ಹಾಗೆಂದು ಚಿಹ್ನೆ ಇಟ್ಟ ಮಾತ್ರಕ್ಕೆ ಪ್ರಾಮಾಣಿಕತೆ ಬರುವುದಿಲ್ಲ. 2019ರ ಕೃಷ್ಣೆಯ ನೆರೆಯ ಬಗ್ಗೆ ಕೇಳಿದಾಗ ಅಜ್ಜಿಯೊಬ್ಬಳು 'ಯಾರೂ ಬರಲಿಲ್ಲ ಅಂತಾರ್ರಿ' ಅಂದಳೆನ್ನಿ. ಆ 'ಅಂತಾರ'ದಲ್ಲಿ ಅವಳ ಎಚ್ಚರವಿದೆ. ಇದು ಊರ ಮಾತು, ನಾನು ಕಂಡದ್ದಲ್ಲ ಎಂದು ಅದು ಹೇಳುತ್ತದೆ. ಅದನ್ನು ಬಿಟ್ಟು ಉಳಿದದ್ದನ್ನು ಚೆಂದದ ಇಂಗ್ಲಿಷಿಗೆ ತಿರುಗಿಸಿ ಉದ್ಧರಣದೊಳಗೆ ಕೂರಿಸಿದರೆ ಪರೀಕ್ಷಕರಿಗೆ ತಪ್ಪು ಸಿಗುವುದಿಲ್ಲ. ಅಜ್ಜಿ ಮಾತ್ರ ತಾನು ಮಾಡದ ಆರೋಪಕ್ಕೆ ಸಾಕ್ಷಿಯಾಗುತ್ತಾಳೆ.

ಅದಕ್ಕೇ ನಾನು ಉದ್ಧರಣ ಚಿಹ್ನೆಯೊಳಗೆ ಜನ ಆಡಿದ ಕನ್ನಡವನ್ನೇ ಇಡುತ್ತೇನೆ. ಇಂಗ್ಲಿಷ್ ಅನುವಾದ ಚಿಹ್ನೆಯ ಹೊರಗೆ, ನನ್ನ ಹೊಣೆಯಲ್ಲಿ ನಿಲ್ಲುತ್ತದೆ. ಪುಟ ಹೆಚ್ಚುತ್ತದೆ, ಕನ್ನಡ ಬಾರದ ಓದುಗ ಒಂದು ಕ್ಷಣ ತಡವರಿಸುತ್ತಾನೆ. ಇನ್ನೊಬ್ಬರ ಮಾತಿನ ಹೊಸ್ತಿಲಲ್ಲಿ ಅಷ್ಟು ಹೊತ್ತು ನಿಂತರೆ ನಷ್ಟವೇನಿಲ್ಲ.