ತಟ್ಟೆಯ ಮೇಲಿನ ಸಿಪಾಯಿಗೆ ಸಲ್ಲುವ ಗೌರವ

ಜಾರ್ ದೊರೆಗಳ ರಷ್ಯಾದ ಸೇನಾ ಸ್ಮಾರಕ ಪಿಂಗಾಣಿಯನ್ನು ಸಂಗ್ರಹಿಸುವವರ ಮುಂದೆ ಒಂದು ನೈತಿಕ ಪ್ರಶ್ನೆಯಿದೆ: ಆ ಪ್ರಭುತ್ವವೂ ಅದರ ಸೈನ್ಯವೂ ಅಳಿದ ಮೇಲೆ, ಈ ಪಾತ್ರೆಗಳಿಗೆ ತೋರುವ ಆದರ ಯಾರಿಗೆ ಸಲ್ಲುತ್ತದೆ?

ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಅರಮನೆಯ ಪಿಂಗಾಣಿ ಕಾರ್ಖಾನೆ 1744ರಲ್ಲಿ ಆರಂಭವಾಯಿತು. ಸಾಮ್ರಾಜ್ಞಿ ಎರಡನೆಯ ಕ್ಯಾಥರೀನ್ ಮಾಸ್ಕೋ ಬಳಿಯ ಗಾರ್ಡ್ನರ್ ಕಾರ್ಖಾನೆಯಿಂದ ಸೇಂಟ್ ಜಾರ್ಜ್ ಪದಕದ ವೀರರ ಔತಣಕ್ಕೆಂದು ಊಟದ ಪಾತ್ರೆಗಳನ್ನು ಮಾಡಿಸಿದಳು. ಅವುಗಳ ಮೇಲೆ ಪದಕದ ನಕ್ಷತ್ರವೂ ಕಿತ್ತಳೆ–ಕಪ್ಪು ಪಟ್ಟಿಯೂ ಇವೆ. ಹುತಾತ್ಮ ಸಂತನ ಹೆಸರಿನ ಗುರುತು ಹೀಗೆ ಊಟದ ಮೇಜಿಗೆ ಬಂದಿತು. ಜಾರ್ ಒಂದನೆಯ ನಿಕೊಲಾಯ್ ಕಾಲದಲ್ಲಿ (1825–1855) ರೆಜಿಮೆಂಟುಗಳ ಸಿಪಾಯಿಗಳನ್ನು ಚಿತ್ರಿಸಿದ ತಟ್ಟೆಗಳು ತಯಾರಾದವು.

ಇಂಥ ತಟ್ಟೆಯ ಅಂಚು ಚಿನ್ನದ್ದು. ಹಲವುಗಳಲ್ಲಿ ಎರಡು ತಲೆಯ ಹದ್ದೂ ಆಯುಧಗಳೂ ಇರುತ್ತವೆ. ನಡುವೆ ನಿಂತ ಸಿಪಾಯಿಯ ಕಾಲರಿನ ಬಣ್ಣ, ಗುಂಡಿಗಳ ಸಾಲು, ಟೋಪಿಯ ಗರಿ ಎಲ್ಲವೂ ಸೇನೆಯ ನಿಯಮಕ್ಕೆ ತಕ್ಕಂತಿವೆ. ತಳದಲ್ಲಿ ಕಿರೀಟದ ಕೆಳಗೆ ಜಾರ್‌ನ ಹೆಸರಿನ ನೀಲಿ ಮುದ್ರೆ. ಹಲವು ತಟ್ಟೆಗಳಲ್ಲಿ ರೆಜಿಮೆಂಟಿನ ಹೆಸರೂ ಉಂಟು. ಆದರೆ ಸಿಪಾಯಿಯ ಹೆಸರಿಲ್ಲ. ಅವನಂಥವರಲ್ಲಿ ಹೆಚ್ಚಿನವರು ಜೀತದ ರೈತರು ಮತ್ತು ಸರ್ಕಾರಿ ಜಮೀನಿನ ರೈತರ ಮಕ್ಕಳು. 1793ರಿಂದ ಸೇನಾ ಸೇವೆಯ ಅವಧಿ 25 ವರ್ಷವಾಗಿತ್ತು. ಅದನ್ನು ಮುಗಿಸಿ ಮನೆ ಸೇರಿದವರು ಕಡಿಮೆ.

ಆದರ ಯಾರಿಗೆ ಸಲ್ಲುತ್ತದೆ ಎಂಬ ಪ್ರಶ್ನೆಗೆ ರಷ್ಯನ್ನರ ಆರ್ಥೊಡಾಕ್ಸ್ ಧರ್ಮದಲ್ಲೇ ಒಂದು ಅಳತೆಗೋಲಿದೆ. ಪ್ರತಿಮೆಗೆ ಸಲ್ಲಿಸಿದ ಗೌರವ ಅದರ ಮೂಲವಾದವರನ್ನು ತಲುಪುತ್ತದೆ ಎಂದು ನೈಸಿಯಾದ ಎರಡನೆಯ ಧರ್ಮಸಭೆ 787ರಲ್ಲಿ ಸ್ಥಿರಪಡಿಸಿತು. ತಟ್ಟೆ ಪವಿತ್ರ ಪ್ರತಿಮೆಯಲ್ಲ. ಆದರೂ ತತ್ತ್ವ ಇಲ್ಲಿ ಕೆಲಸಕ್ಕೆ ಬರುತ್ತದೆ. ಸಮವಸ್ತ್ರವನ್ನಷ್ಟೇ ಮೆಚ್ಚಿದರೆ ಗೌರವ ಅದನ್ನು ತೊಡಿಸಿದ ಅಧಿಕಾರಕ್ಕೆ ಹೋಗುತ್ತದೆ. ತೊಟ್ಟವನ ಬಾಳನ್ನು ನೆನೆದರೆ ಮನುಷ್ಯನಿಗೆ ಸಲ್ಲುತ್ತದೆ.

ವಸ್ತುವಿನ ಅರ್ಥ ಮಣ್ಣಿನಲ್ಲಿ ಹುದುಗಿಲ್ಲ ಎಂಬುದಕ್ಕೆ ಚರಿತ್ರೆಯೇ ಸಾಕ್ಷಿ. 1917ರ ಕ್ರಾಂತಿಯ ನಂತರ, ಜಾರ್ ಮುದ್ರೆಯಿದ್ದ ಖಾಲಿ ತಟ್ಟೆಗಳ ಮೇಲೆಯೇ ಕಲಾವಿದರು ಕ್ರಾಂತಿಯ ಘೋಷಣೆಗಳನ್ನು ಬರೆದರು. ಹಳೆಯ ಮುದ್ರೆಯನ್ನು ಹಲವೆಡೆ ಬಣ್ಣದಿಂದ ಮುಚ್ಚಿದರು. ಅದೇ ತಟ್ಟೆ ಎರಡು ಪ್ರಭುತ್ವಗಳಿಗೂ ದನಿಯಾಯಿತು.

ಆದ್ದರಿಂದ ಹೊಣೆ ಸಂಗ್ರಾಹಕನದು. ಚಿತ್ರಕಾರನ ಕುಸುರಿಯನ್ನು ಮೆಚ್ಚುವುದರಲ್ಲಿ ತಪ್ಪಿಲ್ಲ; ಆದರೆ ಮೆಚ್ಚುಗೆಯೊಂದೇ ಸಾಲದು. ಕಾರ್ಖಾನೆ, ವರ್ಷ, ರೆಜಿಮೆಂಟುಗಳ ವಿವರದ ಜೊತೆಗೆ ಸಿಪಾಯಿ ಯಾವ ಸ್ಥಿತಿಯಲ್ಲಿ ಸೇವೆ ಸಲ್ಲಿಸಿದನೆಂಬುದನ್ನೂ ದಾಖಲಿಸಿದಾಗ ಸಂಗ್ರಹ ಪೂರ್ಣ ಸ್ಮಾರಕವಾಗುತ್ತದೆ.