ಬಾಗಿಲು ತೆರೆದಿದೆ, ಹೊಸ್ತಿಲು ಯಾರದು?

ದುಂಡಸಿಯ ಕೇರಿಯಿಂದ ಡಿಗ್ರಿ ಮುಗಿಸಿ ಹೊರಬಿದ್ದ ನಾವು ನಾಲ್ಕು ಜನ ಗೆಳೆಯರು ಮೊದಲ ಸಲ ಪಟ್ಟಣದಲ್ಲಿ ನಡೆದ ಒಂದು ಓಪನ್ ಸೋರ್ಸ್ ಕಾರ್ಯಾಗಾರಕ್ಕೆ ಹೋದೆವು. ಬಾಗಿಲಲ್ಲಿ 'ಎಲ್ಲರಿಗೂ ಸ್ವಾಗತ' ಎಂಬ ಫಲಕ. ಒಳಗೆ ಪರಿಚಯದ ಸರದಿ. ಹೆಸರು ಹೇಳಿದೆವು. "ಅಡ್ಡಹೆಸರೇನ್ರಿ?" ಅಂದರು. ನಮ್ಮ ಸೀಮೆಯಲ್ಲಿ ಈ ಪ್ರಶ್ನೆಗೆ ಅರ್ಥ ಒಂದೇ. ಮಾದರ, ಚಲವಾದಿ, ಹರಿಜನ: ಶಾಲೆಯ ದಾಖಲೆಯಲ್ಲಿ ಮಾಸ್ತರು ಬರೆದದ್ದು ಸಾಯೂತನಕ ನಮಗಿಂತ ಮುಂದೆ ನಡೆಯುತ್ತದೆ. ಹೇಳಿದೆವು. ಯಾರೂ ಬೈಯಲಿಲ್ಲ. ಊಟದ ಹೊತ್ತಿಗೆ ನಮ್ಮ ಬೆಂಚಿನಲ್ಲಿ ನಾವಷ್ಟೇ ಉಳಿದಿದ್ದೆವು.

"ಕೋಡಿಗೆ ಜಾತಿ ಇಲ್ಲ" ಎನ್ನುತ್ತಾರೆ. ತಂತ್ರಾಂಶದ ಮೂಲವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು ಎಂಬ ಮಾತು ಅಕ್ಷರ ವಂಚಿತರ ಮಕ್ಕಳಾದ ನಮಗೆ ಸಣ್ಣದೇನಲ್ಲ. ಆದರೆ ಗಿಟ್‌ನಲ್ಲಿ ಒಂದು ಸಾಲು ತಿದ್ದಿದರೂ ಅದರ ಜೊತೆಗೆ ತಿದ್ದಿದವರು ಕೊಟ್ಟ ಹೆಸರು, ಇಮೇಲ್ ದಾಖಲಾಗುತ್ತವೆ. ಕೋಡಿಗೆ ಜಾತಿ ಇಲ್ಲ, ಸರಿ. ಅದನ್ನು ಓದುವ ಕಣ್ಣಿಗೆ?

ನಡತೆಗೆ ನಿಯಮ ಯಾಕ ಬೇಕು, ಒಳ್ಳೆ ಮನಸ್ಸಿದ್ದರೆ ಸಾಲದೇನು ಅಂತ ಕೇಳುವವರಿದ್ದಾರೆ. ನಮ್ಮ ಹಿರಿಯರು ಚಹಾ ಕುಡಿದ ಹೋಟೆಲುಗಳ ಗೋಡೆಯ ಮೇಲೂ ಯಾವ ನಿಯಮ ಬರೆದಿರಲಿಲ್ಲ. ಅವರ ಬಟ್ಟಲು ಮಾತ್ರ ಹೊರಗೆ ಗೂಡಿನಲ್ಲಿ ಇರುತ್ತಿತ್ತು. ಕುಡಿದು, ತೊಳೆದು, ಅಲ್ಲೇ ಇಡಬೇಕಿತ್ತು. ನಿಯಮವೇ ಇಲ್ಲದ ಜಾಗ ಎಂಬುದಿಲ್ಲ, ಗೆಳೆಯರೇ. ಬರೆಯದ ನಿಯಮ ನಮಗಿಂತ ಮೊದಲೇ ಬಂದು ಕೂತಿರುತ್ತದೆ. ಬರೆದದ್ದಾದರೆ ಬೆರಳಿಟ್ಟು ತೋರಿಸಿ ಜಗಳ ಆಡಬಹುದು.

ಲಿನಕ್ಸ್ ಕರ್ನೆಲ್ ಕಟ್ಟುವವರ ನಡುವೆ ಬಹುಕಾಲ ಒರಟು ಬೈಗುಳ ಪ್ರತಿಭೆಯ ಹೆಸರಿನಲ್ಲಿ ನಡೆದುಹೋಗುತ್ತಿತ್ತು. 2018ರ ಸೆಪ್ಟೆಂಬರಿನಲ್ಲಿ ಅದರ ಕರ್ತೃ ಲೈನಸ್ ಟೊರ್ವಾಲ್ಡ್ಸ್ ತಮ್ಮ ನಡತೆಗೆ ಕ್ಷಮೆ ಕೇಳಿ ಕೆಲಕಾಲ ಬದಿಗೆ ಸರಿದರು. ಅದೇ ತಿಂಗಳು ಅಲ್ಲಿ ನಡತೆ ಸಂಹಿತೆ ಬಂತು. ಅದಕ್ಕೆ ಆಧಾರ 2014ರಲ್ಲಿ ಕೊರಲೈನ್ ಅಡಾ ಎಮ್ಕೆ ಬರೆದ 'ಕಾಂಟ್ರಿಬ್ಯೂಟರ್ ಕವನೆಂಟ್'. ಅದರ 2.1ನೇ ಆವೃತ್ತಿಯಲ್ಲಿ ಜಾತಿ ಎಂಬ ಪದ ಸೇರಿದೆ. 2021ರಲ್ಲಿ ಪ್ರಕಟವಾದ ವಿಕಿಮೀಡಿಯಾದ ಸಾರ್ವತ್ರಿಕ ನಡತೆ ಸಂಹಿತೆಯೂ ಜಾತಿಯನ್ನು ಹೆಸರಿಸಿದೆ. ಕನ್ನಡ ವಿಕಿಪೀಡಿಯಕ್ಕೂ ಅದು ಅನ್ವಯ. ಒಂದೇ ಒಂದು ಪದ. ಆದರೆ ಆ ಪದ ಇಲ್ಲದಿದ್ದರೆ ಬೆಂಚು ಖಾಲಿಯಾದದ್ದನ್ನು ನಾವು ಯಾವ ಹೆಸರಿನಲ್ಲಿ ದೂರಬೇಕಿತ್ತು?

ಉಪನ್ಯಾಸದ ವೇದಿಕೆಯ ಕಥೆಯೂ ಬೇರೆಯಲ್ಲ. ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ 1936ರ ತನ್ನ ಸಮ್ಮೇಳನದ ಅಧ್ಯಕ್ಷ ಭಾಷಣಕ್ಕೆ ಬಾಬಾಸಾಹೇಬರನ್ನು ಕರೆಯಿತು. ಬರೆದ ಭಾಷಣ ಓದಿ ಬೆದರಿ ಸಮ್ಮೇಳನವನ್ನೇ ಕೈಬಿಟ್ಟಿತು. ಅವರು ಸ್ವಂತ ಖರ್ಚಿನಲ್ಲಿ ಅದನ್ನು ಅಚ್ಚು ಹಾಕಿಸಿದರು. 86 ವರ್ಷದ ನಂತರ, 2022ರ ಏಪ್ರಿಲಿನಲ್ಲಿ, ಓಪನ್ ಸೋರ್ಸಿಗೆ ರಾಶಿಗಟ್ಟಲೆ ಕೋಡ್ ಕೊಡುವ ಗೂಗಲ್ ಕಂಪನಿಯಲ್ಲಿ ಜಾತಿಯ ಬಗ್ಗೆ ತೇನ್‌ಮೊಳಿ ಸೌಂದರರಾಜನ್ ಮಾತಾಡಬೇಕಿತ್ತು. ಕೆಲ ನೌಕರರು ಆಕ್ಷೇಪ ಎತ್ತಿದರು. ಮಾತು ರದ್ದಾಯಿತು. ಏರ್ಪಡಿಸಿದ್ದ ತನುಜಾ ಗುಪ್ತಾ ಕೆಲಸ ಬಿಟ್ಟರು. ಕರೆಯುವ ಕೈಯಲ್ಲೇ ಬಾಯಿ ಮುಚ್ಚಿಸುವ ಅಧಿಕಾರವೂ ಇದ್ದರೆ ವೇದಿಕೆ ಯಾರದು?

ಇಷ್ಟು ತಿಳಿದು ನಾವು ಊರಲ್ಲಿ ಭಾನುವಾರದ ಕೂಟ ಶುರು ಮಾಡಿದೆವು. ಕನ್ನಡ ಟೈಪಿಂಗು, ವಿಕಿಪೀಡಿಯ, ಒಂದಿಷ್ಟು ಕೋಡು. ನಿಯಮಗಳನ್ನು ಹಾಳೆಯ ಮೇಲೆ ಬರೆದು ಗೋಡೆಗೆ ಹಚ್ಚಿದೆವು. ಯಾರ ಅಡ್ಡಹೆಸರನ್ನೂ ಕೇಳಬಾರದು. ಕರೆದವರ ಮಾತನ್ನು ಮೊದಲೇ ತರಿಸಿ ತಿದ್ದಬಾರದು. ಮಾತಾಡುವವರನ್ನು ನಡುವೆ ತಡೆಯಬಾರದು. ದೂರು ಕೇಳಲು ಇಬ್ಬರು, ಅವರಲ್ಲೊಬ್ಬರು ಹೆಣ್ಣುಮಗಳು. ಚಹಾದ ಬಟ್ಟಲನ್ನು ಸರದಿ ಪ್ರಕಾರ ಎಲ್ಲರೂ ತೊಳೆಯಬೇಕು.

ಮೊದಲ ದೂರು ಮೇಲಿನವರ ಮೇಲೆ ಬರುತ್ತದೆಂದು ಕಾಯುತ್ತಿದ್ದೆವು. ಬಂದದ್ದು ನಮ್ಮವನ ಮೇಲೆ. ಕಾಲೇಜು ಓದುವ ಹುಡುಗಿಯೊಬ್ಬಳು ಮಾತಾಡುತ್ತಿದ್ದಾಗ "ಕೂಡವಾ ತಂಗಿ, ಇದು ನಿನಗ ತಿಳಿಯೂದಿಲ್ಲ" ಅಂತ ಕೂಡಿಸಿದ್ದ. ಆ ಹಾಳೆ ಬರೆಯುವಾಗ ನಮ್ಮ ಜೊತೆ ಕೂತವನೇ. "ನಮ್ಮವರ ಮ್ಯಾಲೇ ದೂರೇನು? ಸಂಘಟನೆ ಒಡೀತದ" ಅಂದ. ಎರಡು ವಾರ ನಾವು ಬಾಯಿ ಬಿಡಲಿಲ್ಲ. ಆಮೇಲೆ ನಾಚಿಕೆಯಾಯಿತು. ಜಾತಿ ಮಾತು ತೆಗೆದರೆ ಬಳಗ ಒಡೆಯುತ್ತದೆ ಅಂತ ಪಟ್ಟಣದವರು ಹೇಳುವುದೂ ಇದನ್ನೇ ಅಲ್ಲವೇ?

ನೊಂದವರು ಎಂಬುದು ನೋಯಿಸಲು ಸಿಕ್ಕ ಪರವಾನಗಿಯಲ್ಲ. ನಿಯಮ ಬರೆದವರ ಮೇಲೆಯೇ ಅದು ಮೊದಲು ನಡೆಯದಿದ್ದರೆ ಗೋಡೆಯ ಹಾಳೆಯೂ ಇನ್ನೊಂದು ಸ್ವಾಗತದ ಫಲಕ, ಅಷ್ಟೆ. ಸಂಘ ಕಟ್ಟುವ ಹುಡುಗರು, ಗೋಷ್ಠಿ ನಡೆಸುವ ಮಾಸ್ತರುಗಳು ಇದನ್ನು ತಮ್ಮ ಊರಲ್ಲಿ ಪರೀಕ್ಷಿಸಿ ನೋಡಬೇಕು.

ಮುಂದಿನ ಭಾನುವಾರ ಗೆಳೆಯ ಎಲ್ಲರೆದುರು ತಪ್ಪೊಪ್ಪಿಕೊಂಡ. ಆಕೆ ಎದ್ದು ನಿಂತಳು. ಅಂದು ನಿಂತುಹೋದ ಮಾತನ್ನು ಅಲ್ಲಿಂದಲೇ ಮುಂದುವರಿಸಿದಳು.