ದೇವಾಲಯವನ್ನು ತೋರಿಸುವವನು ಏನನ್ನು ತೋರಿಸತಕ್ಕದ್ದು?

ನಮ್ಮ ಹಳೆಯ ದೇವಾಲಯಗಳನ್ನು ನೋಡುವದಕ್ಕೋಸ್ಕರ ದೂರದೂರದಿಂದ ಜನರು ಬರುವದು ಈಗ ಸಾಧಾರಣವಾದ ಸಂಗತಿಯಾಗಿದೆ. ಇವರು ಆರಾಧನೆಗೆ ಬಂದವರಲ್ಲ, ನೋಡುವದಕ್ಕೇ ಬಂದವರು. ಇವರಲ್ಲಿ ಸಭೆಯವರೂ ಇರುತ್ತಾರೆ, ಅನ್ಯಮತದವರೂ ಇರುತ್ತಾರೆ. ಅವರನ್ನು ಒಳಗೆ ಕರಕೊಂಡು ಹೋಗಿ ಕಟ್ಟಡದ ಚರಿತ್ರೆಯನ್ನು ತಿಳಿಸುವವನು ಏನು ಹೇಳತಕ್ಕದ್ದು, ಯಾವದನ್ನು ಬಿಡಬಹುದು ಎಂಬದು ಅಲ್ಪ ಪ್ರಶ್ನೆಯಾಗಿ ಕಂಡೀತು. ನನಗಾದರೋ ಅದು ಕೆಲವು ವರುಷಗಳಿಂದ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿದೆ.

ಎಕ್ಕಂಬಿಯಿಂದ ನಾವು ಕೆಲವರು ಕೂಡಿಕೊಂಡು, ಶಿರಸಿಯ ಮೇಲೆ ಹಾದು, ದೇವಿಮನೆ ಘಟ್ಟ ಇಳಿದು, ಕರಾವಳಿಯ ಊರುಗಳನ್ನು ನೋಡಲು ಹೋಗಿದ್ದೆವು. ನಮ್ಮೊಂದಿಗೆ ಊರ ಶಾಲೆಯ ಮಾಸ್ತರರೊಬ್ಬರೂ ಇದ್ದರು. ಅವರು ಕ್ರೈಸ್ತರಲ್ಲ, ಆದರೂ ಎಲ್ಲವನ್ನೂ ವಿಚಾರಿಸಿ ತಿಳಿಯುವ ಸ್ವಭಾವದವರು. ಒಂದು ಹಳೆಯ ದೇವಾಲಯದಲ್ಲಿ ತೋರಿಸುವವನು ಗಂಟೆಯನ್ನು ತೋರಿಸಿದನು, ಮಾಡಿನ ತೊಲೆಗಳನ್ನು ತೋರಿಸಿದನು, ಗೋಡೆಯ ಮೇಲಿನ ದೊರೆಗಳ ಹೆಸರುಗಳನ್ನು ಓದಿದನು. ಆಗ ಮಾಸ್ತರರು, ಕುಚೋದ್ಯದಿಂದಲ್ಲ, ಸಹಜವಾಗಿಯೇ, "ಇಲ್ಲಿ ಮೊದಲು ಸೇರಿದವರು ಅನ್ನಕ್ಕಾಗಿ ಸೇರಿದರೆಂದು ಹೇಳುತ್ತಾರಲ್ಲ, ಅದು ನಿಜವೋ?" ಎಂದು ಕೇಳಿದರು. ಅವನ ಮುಖವು ಕೆಂಪಾಯಿತು. "ಇಲ್ಲ, ಇಲ್ಲ, ಎಲ್ಲರೂ ನಂಬಿಕೆಯಿಂದಲೇ ಬಂದವರು" ಎಂದು ಅವಸರದಿಂದ ಹೇಳಿ, ಮುಂದಿನ ಕಿಟಕಿಯ ಕಡೆಗೆ ನಡೆದನು. ನಮ್ಮ ಗುಂಪಿನಲ್ಲಿ ಘಟ್ಟದ ಕೆಳಗೆ ಹುಟ್ಟಿ ಮೇಲಕ್ಕೆ ಮದುವೆಯಾಗಿ ಬಂದ ಮುದುಕಿಯೊಬ್ಬಳಿದ್ದಳು. ಅವಳು ಬೆಂಚಿನ ಮೇಲೆ ಕೂತಿದ್ದವಳು ಎದ್ದು, "ಮಾಸ್ತರೇ, ನಮ್ಮ ಮುತ್ತಜ್ಜ ಹೊಟ್ಟೆ ಹಸಿದೇ ಬಂದದ್ದು. ಬಂದವ ತಿರುಗಿ ಹೋಗಲಿಲ್ಲ" ಅಂದಳು.

ಇಬ್ಬರಲ್ಲಿ ದೇವಾಲಯದ ಮರ್ಯಾದೆಯನ್ನು ಕಾಪಾಡಿದವರು ಯಾರು?

ಮಂಗಳೂರಿನ ಬಲ್ಮಠದ ಶಾಂತಿ ದೇವಾಲಯವನ್ನೇ ದೃಷ್ಟಾಂತಕ್ಕೆ ತೆಗೆದುಕೊಳ್ಳೋಣ. ಬಾಸೆಲ್ ಮಿಶನಿನ ಹೇಬಿಕ್, ಲೇನರ್, ಗ್ರೈನರ್ ಎಂಬ ಮೂವರು 1834ರಲ್ಲಿ ಮಂಗಳೂರಿಗೆ ಬಂದರು. ಈ ದೇವಾಲಯವು 1862ರಲ್ಲಿ ಆಯಿತು. ಅದೇ ಪಟ್ಟಣದಲ್ಲಿರುವ ರೋಮನ್ ಕಥೋಲಿಕರ ಸಂತ ಅಲೋಶಿಯಸ್ ಪ್ರಾರ್ಥನಾಮಂದಿರದ ಗೋಡೆಗಳನ್ನೂ ಮಾಳಿಗೆಯನ್ನೂ ಅಂತೋನಿಯೋ ಮೊಸ್ಕೇನಿ ಎಂಬ ಇತಾಲಿಯದ ಯೇಸುಸಭೆಯ ಸಹೋದರನು 1899ರಿಂದ 1901ರ ವರೆಗೆ ಚಿತ್ರಗಳಿಂದ ತುಂಬಿಸಿದ್ದಾನೆ. ಅಲ್ಲಿ ಹೋದವನ ಕಣ್ಣಿಗೆ ಬೇಕಾದಷ್ಟು ಕೆಲಸವುಂಟು, ತೋರಿಸುವವನು ಸುಮ್ಮನಿದ್ದರೂ ಸಾಗುವದು. ನಮ್ಮ ದೇವಾಲಯಗಳಾದರೋ ಸುಣ್ಣದ ಗೋಡೆ, ಮರದ ಬೆಂಚು, ಒಂದು ಪ್ರಸಂಗಪೀಠ, ಇಷ್ಟೇ. ಹೀಗಿರಲಾಗಿ ನಮ್ಮಲ್ಲಿ ನೋಡುವದಕ್ಕಿಂತ ಕೇಳುವದೇ ಹೆಚ್ಚು, ಮತ್ತು ಹೇಳುವವನ ಮಾತಿನ ಮೇಲೆಯೇ ಭಾರವೆಲ್ಲಾ ಬೀಳುತ್ತದೆ.

ಹೇಳುವವನು ಸಾಮಾನ್ಯವಾಗಿ ಯಾವದನ್ನು ಆರಿಸಿಕೊಳ್ಳುತ್ತಾನೆ? ಮೊಗ್ಲಿಂಗ್ ದೊರೆಗಳು 1843ರಲ್ಲಿ ಹೊರಡಿಸಿದ ಮಂಗಳೂರ ಸಮಾಚಾರವನ್ನು ಹೇಳುತ್ತಾನೆ. 1894ರಲ್ಲಿ ಅಚ್ಚಾದ ಕಿಟ್ಟೆಲರ ಶಬ್ದಕೋಶವನ್ನು ಹೇಳುತ್ತಾನೆ. ಹೇಳಲಿ, ಅವು ಕನ್ನಡನಾಡಿನವರೆಲ್ಲರಿಗೂ ಸೇರಿದ ಸಂಪತ್ತು. ಅನಂತರ 1844ರಲ್ಲಿ ದೀಕ್ಷಾಸ್ನಾನ ಹೊಂದಿದ ಆನಂದರಾವ್ ಕೌಂಡಿನ್ಯನೆಂಬ ಬ್ರಾಹ್ಮಣ ಯುವಕನ ಸಂಗತಿಯನ್ನು ಬಹಳ ಸಂತೋಷದಿಂದ ವಿಸ್ತರಿಸುತ್ತಾನೆ. ಯಾಕಂದರೆ ಈತನು ಅನ್ನಕ್ಕಾಗಿ ಬಂದನೆಂದು ಯಾರೂ ಹೇಳಲಾರರು. ಆ ಕಥೆಯೂ ಸತ್ಯವೇ. ಆದರೆ ಅದೊಂದನ್ನೇ ಗುರಾಣಿಯಂತೆ ಎತ್ತಿ ಹಿಡಿದರೆ, ಅದರ ಹಿಂದೆ ಮರೆಯಾಗುವವರು ಯಾರು? ದಕ್ಷಿಣ ಕನ್ನಡದಲ್ಲಿ ಸಭೆಗೆ ಸೇರಿದವರಲ್ಲಿ ಹೆಚ್ಚಿನವರು ಬಿಲ್ಲವರು.

ಇವರ ಅನ್ನದ ಸಂಗತಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮತಾಂತರ ಹೊಂದಿದವನು ಪಿತ್ರಾರ್ಜಿತ ಆಸ್ತಿಯ ಹಕ್ಕನ್ನು ಕಳಕೊಳ್ಳಬಾರದೆಂದು ಕಂಪೆನಿ ಸರಕಾರವು ತನ್ನ ಸೀಮೆಗೆಲ್ಲಾ ಕಾನೂನು ಮಾಡಿದ್ದು 1850ರಲ್ಲಿ. ಅದಕ್ಕೆ ಮುಂಚೆ ಸೇರಿದವನಿಗೆ ಮನೆಯ ಪಾಲು ತಪ್ಪಬಹುದಾಗಿತ್ತು. ಆ ಮೇಲೆಯೂ, ಗೇಣಿಯ ಒಕ್ಕಲಿಗೆ ಹಕ್ಕಿನ ಕಾಗದವೆಲ್ಲಿಯದು? ಧಣಿಯು ಬಿಡು ಎಂದರೆ ಬಿಡಬೇಕು. ತಾಳೆಮರ ಹತ್ತಿ ಕಳ್ಳಿಳಿಸುತ್ತಿದ್ದವನು ಸಭೆಗೆ ಬಂದ ಕೂಡಲೇ ಆ ಕಸುಬನ್ನು ಬಿಡಬೇಕಾಯಿತು. ಅಂದರೆ ಎಷ್ಟೋ ಜನರು ಅನ್ನಕ್ಕಾಗಿ ಬಂದದ್ದಲ್ಲ. ಬಂದದ್ದರಿಂದಲೇ ಅನ್ನ ಕಳಕೊಂಡರು. ಮಿಶನಿನವರು 1851ರಲ್ಲಿ ನೇಯ್ಗೆಯ ಶಾಲೆಯನ್ನು ಬಲಪಡಿಸಿದ್ದಕ್ಕೂ, 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ್ದಕ್ಕೂ ಇದೇ ಒಂದು ದೊಡ್ಡ ಕಾರಣ. ಕಾರ್ಖಾನೆ ಎದ್ದ ಮೇಲೆ ಕೂಲಿಯ ಆಶೆಯಿಂದ ಹತ್ತಿರ ಬಂದವರೂ ಇದ್ದಿರಬೇಕು. ಇದನ್ನು ಒಪ್ಪಿಕೊಂಡರೆ ನಮಗೇನು ಕುಂದು? ಹಸಿವು ಒಬ್ಬನನ್ನು ಬಾಗಲಿಗೆ ತಂದಿತು ಎಂಬದರಿಂದ, ಒಳಗೆ ಅವನು ಕಂಡದ್ದು ಸುಳ್ಳಾಗುವದಿಲ್ಲ. ತಂದೆಯ ಮನೆಗೆ ತಿರುಗಿ ಬಂದ ತಪ್ಪಿಹೋದ ಮಗನನ್ನು ಎಬ್ಬಿಸಿದ್ದು ಹಂದಿಗಳ ಹೊಲದಲ್ಲಿ ಅವನಿಗಾದ ಹಸಿವಲ್ಲವೋ?

ದೇವಾಲಯವನ್ನು ಸುತ್ತಿ ನೋಡುವದು ತಪ್ಪೆಂದು ನಾನು ಹೇಳುವದಿಲ್ಲ. 48ನೆಯ ಕೀರ್ತನೆಯು ಚೀಯೋನನ್ನು ಸುತ್ತಿ ಬುರುಜುಗಳನ್ನು ಎಣಿಸಿ ಮುಂದಿನ ಸಂತತಿಗೆ ತಿಳಿಸುವಂತೆ ಅಪ್ಪಣೆ ಕೊಡುತ್ತದೆ. ನೋಡುವವರಿಂದ ಹಣ ತೆಗೆದುಕೊಳ್ಳಬಹುದೋ ಎಂದು ಕೆಲವರು ಕೇಳುತ್ತಾರೆ. ಲಂಡನಿನ ವೆಸ್ಟ್‌ಮಿನ್ಸ್ಟರ್ ಆಬಿಯಲ್ಲಿ ನೋಡಲು ಬಂದವರು ಹಣ ಕೊಡಬೇಕು, ಆರಾಧನೆಗೆ ಬಂದವರು ಕೊಡಬೇಕಾಗಿಲ್ಲ; ಮಾಡು ಸೋರುವ ಕಡೆಯಲ್ಲಿ ಅಂಥ ಏರ್ಪಾಡು ನ್ಯಾಯವಾದದ್ದೇ. ಇದರಲ್ಲಿ ನನಗೆ ಹೆಚ್ಚು ವಿವಾದವಿಲ್ಲ.

ಆದರೆ ಮಾರ್ಕನ ಸುವಾರ್ತೆಯ 12ನೆಯ ಮತ್ತು 13ನೆಯ ಅಧ್ಯಾಯಗಳನ್ನು ನಡುವೆ ನಿಲ್ಲಿಸದೆ ಒಟ್ಟಿಗೆ ಓದಿ ನೋಡಿರಿ. ಶಿಷ್ಯನೊಬ್ಬನು ದೇವಾಲಯದ ದೊಡ್ಡ ಕಲ್ಲುಗಳನ್ನು ಬೊಟ್ಟುಮಾಡಿ ಕರ್ತನಿಗೆ ತೋರಿಸಿದನು. ಅದಕ್ಕೆ ಸ್ವಲ್ಪ ಮುಂಚೆಯೇ ಕರ್ತನು ಅದೇ ದೇವಾಲಯದಲ್ಲಿ ಶಿಷ್ಯರನ್ನು ಹತ್ತಿರ ಕರೆದು ಒಂದನ್ನು ತೋರಿಸಿದ್ದನು. ಅದು ಎರಡು ಕಾಸು ಹಾಕಿದ ಬಡ ವಿಧವೆ. ಅವಳು ತನ್ನ ಬಡತನದಲ್ಲಿ ಕೊಟ್ಟಳೆಂಬದನ್ನು ಆತನು ಮುಚ್ಚಲಿಲ್ಲ, ಅದನ್ನೇ ಮುಂದಿಟ್ಟು ಹೇಳಿದನು.

ನಮ್ಮ ಬನವಾಸಿಯ ಮಧುಕೇಶ್ವರ ದೇವಸ್ಥಾನದಲ್ಲಿ ಕದಂಬ ಅರಸರ ಹೆಸರು ಹೇಳುತ್ತಾರೆ, ಕಲ್ಲು ಹೊತ್ತವನ ಹೆಸರನ್ನು ಹೇಳಲು ಯಾರಿಂದಲೂ ಆಗದು, ಕಾಲವು ಬಹಳ ಸಂದುಹೋಯಿತು. ನಮಗೆ ಆ ನೆವವಿಲ್ಲ. ನಮ್ಮ ಮುತ್ತಜ್ಜಂದಿರ ಮಾತು ಇನ್ನೂ ಮುದುಕಿಯರ ಬಾಯಲ್ಲಿದೆ.

ಆ ದಿನ ತಿರುಗಿ ಬರುವಾಗ ಮಾಸ್ತರರು ಮುದುಕಿಯ ಪಕ್ಕದಲ್ಲಿ ಕೂತು, ಅವಳ ಮುತ್ತಜ್ಜನು ಯಾವ ಊರವನು, ಹೆಂಚಿನ ಕಾರ್ಖಾನೆಯಲ್ಲಿ ಏನು ಕೆಲಸ ಮಾಡುತ್ತಿದ್ದನು, ಅವನ ಅಣ್ಣತಮ್ಮಂದಿರು ಕಡೆಗಾದರೂ ಮಾತಾಡಿಸಿದರೋ ಎಂದು ಒಂದೊಂದಾಗಿ ಕೇಳುತ್ತಾ ಬಂದರು. ಘಟ್ಟ ಹತ್ತಿ ಶಿರಸಿ ದಾಟಿದರೂ ಆ ಮಾತು ಮುಗಿಯಲಿಲ್ಲ.